ಓಣಿ ಸುಮ್ಮನಾದ ಹೊತ್ತು

2138ನೇ ಇಸವಿ, ಫೆಬ್ರವರಿ 30, ಸಂಜೆ ಏಳು ಗಂಟೆ.

ಇವತ್ತು ಬೆಳಿಗ್ಗೆ ನನ್ನ ತಮ್ಮ ಫಕೀರೇಶನ ದಾವೆಯ ಕೊನೆಯ ವಿಚಾರಣೆ ನಮ್ಮ ಓಣಿಯಲ್ಲೇ ನಡೆಯಿತು. ಮಧ್ಯಾಹ್ನ ಗಾಢ ನಿದ್ದೆ ಬಂತು. ಎದ್ದು ಸಜ್ಜೆ ರೊಟ್ಟಿ ಬಡಿದು, ಪುಂಡಿಪಲ್ಯದ ಜೊತೆ ಎರಡು ತಿಂದೆ. ಬಹಳ ದಿನಗಳ ಮೇಲೆ ಊಟ ರುಚಿಸಿತು.

ಮೇಲಿನ ತಾರೀಖು ನೋಡಿ ಈ ಹೆಂಗಸಿಗೆ ಲೆಕ್ಕ ಬರುವುದಿಲ್ಲ ಎಂದುಕೊಳ್ಳಬೇಡಿ. ನಿಮ್ಮ ಕಾಲದ ಫೆಬ್ರವರಿಯಲ್ಲಿ ಈ ದಿನವೇ ಇರಲಿಲ್ಲ ಎಂದು ಗೊತ್ತು. ನಮ್ಮ ಅಜ್ಜಿಯ ಕಾಲಕ್ಕೆ ತಿಂಗಳುಗಳನ್ನು ಸರಿಮಾಡಿದರು; ಜುಲೈಯಿಂದ ಒಂದು, ಆಗಸ್ಟಿನಿಂದ ಒಂದು ದಿನ ತೆಗೆದು ಇದಕ್ಕೆ ಸೇರಿಸಿದರು. ನನ್ನ ಮಾತಿನಲ್ಲಿ ಇನ್ನೂ ಕೆಲವು ಪದಗಳು ನಿಮಗೆ ವಿಚಿತ್ರವಾಗಿ ಕಂಡರೆ ಕ್ಷಮಿಸಿ. ನಾನು ಹತ್ತನೇ ತರಗತಿಯವರೆಗೆ ಓದಿದವಳು. ರಾತ್ರಿ ಮಲಗುವ ಮುಂಚೆ ದಿನಚರಿ ಬರೆಯುವುದು ಬಿಟ್ಟರೆ ಬೇರೆ ಬರವಣಿಗೆ ಮಾಡಿದವಳಲ್ಲ. ಇವತ್ತಿನ ಪುಟವನ್ನು ಮಾತ್ರ ನಿಮಗೆ ಬರೆಯಬೇಕು ಅನ್ನಿಸಿತು.

ನೀವು ಎಂದರೆ, ನೂರು ವರ್ಷಕ್ಕೂ ಹಿಂದೆ ಕೋರ್ಟಿನ ಬೆಂಚಿನ ಮೇಲೆ ಕಾದು ಕುಳಿತವರು. ನಿಮ್ಮ ಮನೆಯ ಒಬ್ಬರಿಗೆ ಮನಸ್ಸು ದಿಕ್ಕು ತಪ್ಪಿದ ದಿನ ಪೊಲೀಸರು ಬಂದು ಗುಂಡು ಹಾರಿಸಿದರು. ಅವರಿಗೂ ಬದುಕುವ ಹಕ್ಕಿತ್ತು ಎಂದು ನೀವು ದಾವೆ ಹೂಡಿದಿರಿ. ಎಷ್ಟೋ ದಾವೆಗಳು ಬಿದ್ದುಹೋದವು ಎಂದು ಶಾಲೆಯಲ್ಲಿ ಓದಿದ್ದೆ. ಆಗ ಅದು ನನಗೆ ಪರೀಕ್ಷೆಯ ಒಂದು ಪ್ರಶ್ನೆ ಮಾತ್ರ ಆಗಿತ್ತು.

ಮೊದಲು ನಮ್ಮ ಊರಿನ ಬಗ್ಗೆ ಹೇಳುತ್ತೇನೆ. ಮರಳಿಹಾಳ ಹೊಳೆಯ ದಂಡೆಯ ಊರು. ಹೊಳೆಯಲ್ಲಿ ನೀರಿಗಿಂತ ಮರಳೇ ಹೆಚ್ಚು ದಿನ ಇರುತ್ತದೆ. ಬೇಸಿಗೆ ಜನವರಿಗೇ ಶುರುವಾಗುವುದರಿಂದ ಬೆಳಿಗ್ಗೆ ಹನ್ನೊಂದರಿಂದ ಸಂಜೆ ನಾಲ್ಕರವರೆಗೆ ಯಾರೂ ಹೊರಗೆ ಓಡಾಡುವುದಿಲ್ಲ; ಅದನ್ನು ನೆರಳುಹೊತ್ತು ಎನ್ನುತ್ತೇವೆ. ಪ್ರತಿ ಓಣಿಯ ಮೇಲೂ ಮನೆಯಿಂದ ಮನೆಗೆ ಬಿಗಿದ ಬಟ್ಟೆಯ ಚಪ್ಪರ ಇದೆ. ಅದನ್ನು ಹೊಲಿಯುವುದು, ಹರಿದರೆ ತೇಪೆ ಹಾಕುವುದು ನನ್ನ ಕೆಲಸ. ಕೆಲಸಕ್ಕೇನೂ ಬರವಿಲ್ಲ, ಮಂಗಗಳು ನೋಡಿಕೊಳ್ಳುತ್ತವೆ. ನೀರು ವಾರಕ್ಕೆ ಎರಡು ದಿನ ಬರುತ್ತದೆ. ಅದು ಬರುವುದು ನಿಮ್ಮ ಕಾಲದಲ್ಲಿ ಹೂತ ಪೈಪುಗಳಲ್ಲೇ. ನಿಮ್ಮನ್ನು ಬೈಯಲು ಈ ಪತ್ರ ಬರೆಯುತ್ತಿಲ್ಲ, ಆದರೆ ಆ ಪೈಪುಗಳು ಸೋರದ ಜಾಗವಿಲ್ಲ. ಅದಕ್ಕೇ ನೀರಗಂಟಿಗಳು ಮತ್ತೆ ಬಂದಿದ್ದಾರೆ. ಹಿಂದೆ ಕೆರೆಯ ತೂಬು ನೋಡಿಕೊಳ್ಳುತ್ತಿದ್ದವರನ್ನು ಹಾಗೆ ಕರೆಯುತ್ತಿದ್ದರಂತೆ. ಈಗಿನ ನೀರಗಂಟಿ ಎಂದರೆ ನೆಲದೊಳಗಿನ ಸೋರಿಕೆ ಹುಡುಕುವವನು. ಅವನ ಕೈಯಲ್ಲಿ ಎದೆಯೆತ್ತರದ ಒಂದು ಕಬ್ಬಿಣದ ಸಲಾಕೆ, ಅದರ ತುದಿಗೆ ಮರದ ಬಟ್ಟಲು ಇರುತ್ತದೆ. ಅದಕ್ಕೆ ಕೇಳುಗೋಲು ಎಂದು ಹೆಸರು. ಒಂದು ತುದಿ ನೆಲಕ್ಕಿಟ್ಟು, ಬಟ್ಟಲಿಗೆ ಕಿವಿ ಹಚ್ಚಿ, ಕಣ್ಣು ಮುಚ್ಚಿ ನಿಲ್ಲುತ್ತಾನೆ. ಆಗ ಓಣಿ ಸುಮ್ಮನಾಗಬೇಕು. ಯಾರೂ ಹೇಳುವುದಿಲ್ಲ. ಕುಟ್ಟುವವರು ಒನಕೆ ನಿಲ್ಲಿಸುತ್ತಾರೆ, ಗಾಡಿಯವರು ಗಾಡಿ ನಿಲ್ಲಿಸುತ್ತಾರೆ, ಅಳುವ ಮಗುವಿಗೆ ಬೆಲ್ಲ ಕೊಡುತ್ತಾರೆ. ಅವನು ಕೋಲಿನಿಂದ ನೆಲಕ್ಕೆ ಎರಡು ಸಲ ಬಡಿದರೆ ಕೇಳಿದ್ದು ಮುಗಿಯಿತು ಎಂದರ್ಥ. ಆಮೇಲೆ ಎಲ್ಲರೂ ಬಿಟ್ಟ ಮಾತನ್ನು ಬಿಟ್ಟಲ್ಲಿಂದಲೇ ಮುಂದುವರಿಸುತ್ತಾರೆ.

ಫಕೀರೇಶ ನಮ್ಮ ಭಾಗದ ನೀರಗಂಟಿ. ಮಾತು ಕಡಿಮೆ, ನಗು ಹೆಚ್ಚು. ಎರಡು ಮೂರು ವರ್ಷಕ್ಕೊಮ್ಮೆ ಅವನಿಗೆ ನಿದ್ದೆ ಬಿಟ್ಟುಹೋಗುತ್ತಿತ್ತು. ಆಗ ಊರೆಲ್ಲ ಸೋರುತ್ತಿದೆ, ನೆಲದ ಕೆಳಗೆ ಯಾರೋ ಅಳುತ್ತಿದ್ದಾರೆ ಎಂದು ಕೋಲು ಹಿಡಿದು ಹೊರಡುತ್ತಿದ್ದ. ಮೈಮೇಲೆ ಅಂಗಿ ಇದೆಯೋ ಇಲ್ಲವೋ ಅವನಿಗೆ ತಿಳಿಯುತ್ತಿರಲಿಲ್ಲ. ಅಂಥ ದಿನಗಳಿಗೆ ನಮ್ಮಲ್ಲಿ ಜೊತೆಗಾರರು ಇದ್ದಾರೆ. ದವಾಖಾನೆಯಿಂದ ಇಬ್ಬರು ಬರಿಗೈಯಲ್ಲಿ ಬಂದು, ಸ್ವಲ್ಪ ದೂರದಲ್ಲಿ ನೆಲದ ಮೇಲೆ ಕುಳಿತುಕೊಳ್ಳುತ್ತಾರೆ. ಅವಸರ ಮಾಡುವುದಿಲ್ಲ. ಸಂಜೆಯಾದರೂ ಕುಳಿತೇ ಇರುತ್ತಾರೆ. ಹೋದ ವರ್ಷ ಒಂದು ಬೆಳಿಗ್ಗೆ ಅವನು ಹಾಗೆ ಹೊರಟಾಗಲೂ ಕರೆ ಮಾಡಿದ್ದೆವು, ಅವರು ದಾರಿಯಲ್ಲಿದ್ದರು.

ಆದರೆ ಅದಕ್ಕೂ ಮೊದಲು ನಮ್ಮ ಓಣಿಗೆ ಒಂದು ಪೊಲೀಸ್ ವ್ಯಾನ್ ಬಂತು. ನಮ್ಮ ಠಾಣೆಗಳಲ್ಲಿ ಬಂದೂಕುಗಳು ಪೆಟ್ಟಿಗೆಯಲ್ಲಿ ಬೀಗ ಹಾಕಿಕೊಂಡಿರುತ್ತವೆ. ದೊಡ್ಡವರು ಬಂದಾಗ ಬಂದೋಬಸ್ತಿಗೆ ಮಾತ್ರ ಹೊರಗೆ ತೆಗೆಯುತ್ತಾರೆ. ಆ ವ್ಯಾನ್ ಅಂಥ ಬಂದೋಬಸ್ತ್ ಮುಗಿಸಿ ಬೇರೆ ಜಿಲ್ಲೆಗೆ ಮರಳುತ್ತಿತ್ತು. ದಾರಿಹೋಕನೊಬ್ಬ ಅದನ್ನು ನಿಲ್ಲಿಸಿ, ಇಲ್ಲೊಬ್ಬ ಸಲಾಕೆ ಹಿಡಿದು ನಿಂತಿದ್ದಾನೆ ಎಂದ. ಪೊಲೀಸರು ಕೋಲು ಕೆಳಗೆ ಹಾಕು ಎಂದು ಕೂಗಿದರು. ಕಣ್ಣು ಮುಚ್ಚಿ ಕೇಳುತ್ತಿದ್ದ ಫಕೀರೇಶ, ಗದ್ದಲ ಮಾಡುವವರಿಗೆ ಯಾವಾಗಲೂ ಮಾಡುವಂತೆ, ಸುಮ್ಮನಿರಿ ಎಂದು ಕೈ ಎತ್ತಿದ. ಆ ಕೈಯಲ್ಲಿ ಕೋಲಿತ್ತು. ಒಬ್ಬ ಕಾನ್‌ಸ್ಟೇಬಲ್ ಗುಂಡು ಹಾರಿಸಿದ.

ಆ ದಿನ ಎರಡು ಬಡಿತ ಬರಲೇ ಇಲ್ಲ.

ದಾವೆ ಹೂಡಿದವಳು ನಾನು. ಸರ್ಕಾರದ ವಕೀಲರ ಬಳಿ ಒಂದೇ ವಾದವಿತ್ತು, ಆದರೆ ಗಟ್ಟಿಯಾಗಿತ್ತು. ಪೊಲೀಸರ ಎದೆಯ ಮೇಲಿನ ಕ್ಯಾಮೆರಾ ತೆಗೆದ ಚಿತ್ರದಲ್ಲಿ ಇಡೀ ಓಣಿ ಕಲ್ಲಾಗಿ ನಿಂತಿತ್ತು. ಯಾರ ಬಾಯಲ್ಲೂ ಮಾತಿಲ್ಲ, ಯಾರೂ ಅಲುಗುತ್ತಿಲ್ಲ. ಜನ ಪ್ರಾಣಭಯದಿಂದ ಸ್ತಬ್ಧರಾಗಿದ್ದರು, ಅವರನ್ನು ಉಳಿಸಲು ಗುಂಡು ಹಾರಿಸಬೇಕಾಯಿತು ಎಂದರು. ಅದು ಭಯವಲ್ಲ, ನಮ್ಮ ರೂಢಿ ಎಂದು ನಮ್ಮ ವಕೀಲೆ ಹೇಳಿದಾಗ ಸರ್ಕಾರದ ವಕೀಲರು ನಕ್ಕರು. ದಾವೆ ಹಾಕಿದ ಮೇಲೆ ಹುಟ್ಟಿದ ರೂಢಿ ಎಂದರು. ಕೋರ್ಟಿನ ಹಾಲಿನಲ್ಲಿ ಕುಳಿತು ಆ ಚಿತ್ರ ನೋಡಿದರೆ ಯಾರಿಗಾದರೂ ಹಾಗೇ ಅನ್ನಿಸುತ್ತಿತ್ತು. ನನಗೂ ಒಂದೊಂದು ಸಲ, ನಾವು ನಿಜವಾಗಿ ಅವನಿಗೆ ಹೆದರಿದ್ದೆವೇನೋ ಅನ್ನಿಸುತ್ತಿತ್ತು.

ಹಾಗಾಗಿ ನಿಂತಲ್ಲಿ ವಿಚಾರಣೆ ಬೇಕೆಂದು ಕೋರ್ಟನ್ನು ಕೇಳಿಕೊಂಡೆವು. ಇದು ನಿಮ್ಮಲ್ಲಿ ಇರಲಿಲ್ಲ. ಘಟನೆ ನಡೆದ ಜಾಗಕ್ಕೆ, ಅದೇ ಹೊತ್ತಿಗೆ ನ್ಯಾಯಾಧೀಶರು ಬರುತ್ತಾರೆ. ಅವತ್ತು ಇದ್ದವರೆಲ್ಲ ಇದ್ದಲ್ಲೇ ನಿಂತು, ಮಾಡುತ್ತಿದ್ದ ಕೆಲಸವನ್ನೇ ಮಾಡಬೇಕು. ತೀರಿಕೊಂಡವರ ಜಾಗದಲ್ಲಿ ಮನೆಯವರು ಆರಿಸಿದವರು ನಿಲ್ಲುತ್ತಾರೆ. ಯಾರಿಗೂ ಏನೂ ಹೇಳಿಕೊಡಬಾರದು. ಹೇಳಿಕೊಟ್ಟದ್ದು ಗೊತ್ತಾದರೆ ದಾವೆ ಅಲ್ಲಿಗೇ ಮುಗಿಯಿತು. ನನಗೆ ಅದೇ ಚಿಂತೆ. ಅವನು ಹೋದ ಮೇಲೆ ನಮ್ಮ ಓಣಿಯಲ್ಲಿ ಯಾರೂ ಕೋಲು ಊರಿರಲಿಲ್ಲ. ಜನ ಮರೆತಿದ್ದರೆ? ಓಣಿ ಗದ್ದಲ ಮಾಡಿದರೆ ನಾನು ಸುಳ್ಳುಗಾರ್ತಿ, ನನ್ನ ತಮ್ಮ ಊರನ್ನು ಹೆದರಿಸಿದ ಹುಚ್ಚ, ಅಷ್ಟೇ.

ಇವತ್ತು ಬೆಳಿಗ್ಗೆ ಎಂಟಕ್ಕೇ ಓಣಿ ತುಂಬಿತ್ತು. ಪರ ಓಣಿಯವರೂ ಬಂದಿದ್ದರು. ನ್ಯಾಯಾಧೀಶೆ ನನಗಿಂತ ಚಿಕ್ಕವರು. ಹಾಕಿದ ಕುರ್ಚಿ ಅಲುಗಾಡುತ್ತಿತ್ತು, ಅವರು ಅದರಲ್ಲೇ ಕುಳಿತರು. ಎದುರುಮನೆಯ ದಾವಲಮ್ಮ ಅವತ್ತಿನಂತೆಯೇ ಒರಳಿನ ಮುಂದೆ ಖಾರ ಕುಟ್ಟುತ್ತ, ಬಂದವರನ್ನೆಲ್ಲ ಸೀನಿಸುತ್ತಿದ್ದಳು. ಫಕೀರೇಶನ ಜಾಗಕ್ಕೆ ನಾನು ಆರಿಸಿದ್ದು ಅವನ ಜೊತೆ ಕೆಲಸ ಮಾಡುತ್ತಿದ್ದ ರುದ್ರಮುನಿಯನ್ನು.

“ಫಕೀರೇಶನ ಜಾಗಕ್ಕ ನೀನೇನಪಾ?” ಎಂದಳು ದಾವಲಮ್ಮ. “ನಿನ್ನ ಹೊಟ್ಟಿ ನೋಡಿದ್ರ ಇಬ್ಬರ ಜಾಗ ಬೇಕು.”

“ಎತ್ತರ ನೋಡಬೇ ದಾವಲಮ್ಮ, ಹೊಟ್ಟಿ ಯಾಕ ನೋಡ್ತಿ?” ಎಂದ ರುದ್ರಮುನಿ. “ಅವನ ಕೋಲ ಹಿಡದೀನಿ. ಸ್ವಲ್ಪ ಬಾಯಿ ಮುಚ್ಚು.”

“ನಾ ಬಾಯಿ ಮುಚ್ಚಿದ್ರ ಜಡ್ಜಮ್ಮಗ ಬ್ಯಾಸರ ಆಗ್ತೈತೋ.”

ಎಲ್ಲರೂ ನಕ್ಕರು. ಹೀಗೆ ನಗುವವರು ಸುಮ್ಮನಾಗುತ್ತಾರೆಯೇ ಎಂದುಕೊಂಡೆ. ನಾನು ಅವತ್ತಿನಂತೆ ಹೊಸ್ತಿಲಲ್ಲಿ, ಕೈಗೆ ಹಿಟ್ಟು ಮೆತ್ತಿಕೊಂಡು ನಿಂತಿದ್ದೆ. ಗುಂಡು ಹಾರಿಸಿದ ಕಾನ್‌ಸ್ಟೇಬಲ್ ಅವತ್ತು ನಿಂತಲ್ಲೇ, ಬರಿಗೈಯಲ್ಲಿ ನಿಂತಿದ್ದ. ತೆಳ್ಳಗಿನ ಹುಡುಗ. ಅವನನ್ನು ನೋಡಬಾರದು ಎಂದುಕೊಂಡಿದ್ದೆ, ನೋಡಿದೆ.

ಸರ್ಕಾರಿ ವಕೀಲರು ಚಿತ್ರದಲ್ಲಿ ಯಾರು ಎಲ್ಲಿ ನಿಂತಿದ್ದರು ಎಂದು ವಿವರಿಸುತ್ತಿದ್ದರು. ರುದ್ರಮುನಿ ಕೋಲಿನ ತುದಿಯನ್ನು ನೆಲಕ್ಕಿಟ್ಟು, ಬಟ್ಟಲಿಗೆ ಕಿವಿ ಹಚ್ಚಿ, ಕಣ್ಣು ಮುಚ್ಚಿದ. ಒಂದು ಕ್ಷಣ ಏನೂ ಆಗಲಿಲ್ಲ. ಗದ್ದಲ ಗದ್ದಲವಾಗಿಯೇ ಇತ್ತು. ಆಮೇಲೆ ದಾವಲಮ್ಮನ ಒನಕೆ ಮೇಲೆ ಹೋದದ್ದು ಕೆಳಗೆ ಬರಲಿಲ್ಲ. ಅವಳ ಪಕ್ಕದವರು ಸುಮ್ಮನಾದರು. ತಿರುವಿನಲ್ಲಿ ಬರುತ್ತಿದ್ದ ತರಕಾರಿ ಗಾಡಿ, ಇಲ್ಲಿ ಏನು ನಡೆಯುತ್ತಿದೆ ಎಂದು ಗೊತ್ತೇ ಇಲ್ಲದ ಗಾಡಿ, ನಿಂತಿತು. ಮೌನ ಬಾಗಿಲಿನಿಂದ ಬಾಗಿಲಿಗೆ ಹೋಯಿತು. ಓಣಿಯಲ್ಲಿ ಸರ್ಕಾರಿ ವಕೀಲರ ದನಿ ಒಂದೇ ಉಳಿಯಿತು. ತಮ್ಮ ದನಿ ತಮಗೇ ಕೇಳಿಸಿ ಅವರೂ ಅರ್ಧಕ್ಕೆ ನಿಲ್ಲಿಸಿದರು. ಮೇಲೆ ಚಪ್ಪರ ಗಾಳಿಗೆ ಬಡಿದುಕೊಳ್ಳುವುದು ಕೇಳಿಸುತ್ತಿತ್ತು. ನ್ಯಾಯಾಧೀಶೆ ಬರೆಯುತ್ತಿದ್ದವರು ಪೆನ್ನು ಎತ್ತಿ ಹಿಡಿದು ಹಾಗೇ ಕುಳಿತಿದ್ದರು.

ಥೇಟ್ ಆ ಚಿತ್ರ. ಎಲ್ಲರೂ ಕಲ್ಲು. ಆದರೆ ಯಾರ ಮುಖದಲ್ಲೂ ಹೆದರಿಕೆ ಇರಲಿಲ್ಲ. ನಾವು ಅವನಿಗೆ ಕೊಡುತ್ತಿದ್ದ ಮರ್ಯಾದೆ ಅದು. ಅವತ್ತು ಆ ಮರ್ಯಾದೆಯನ್ನು ಮುರಿದು ಒಬ್ಬರಾದರೂ ಕೂಗಬೇಕಿತ್ತು ಎಂದು ಈ ಓಣಿಯಲ್ಲಿ ಎಲ್ಲರೂ ಒಳಗೊಳಗೇ ಅತ್ತಿದ್ದೇವೆ.

ರುದ್ರಮುನಿ ಕೋಲಿನಿಂದ ಎರಡು ಸಲ ಬಡಿದ. ಒನಕೆ ಕೆಳಗೆ ಬಂತು, ಗಾಡಿ ಹೊರಟಿತು, ಎಲ್ಲರೂ ಒಟ್ಟಿಗೇ ಮಾತಾಡಿದರು.

“ಏನಾರ ಕೇಳಿಸ್ತೇನಪಾ?” ಎಂದಳು ದಾವಲಮ್ಮ, ವಿಚಾರಣೆ ನಡೆಯುತ್ತಿದೆ ಎಂಬುದನ್ನೇ ಮರೆತು.

“ಏನಿಲ್ಲಬೇ. ಎಲ್ಲಾ ಒಣಗೇತಿ.”

ನ್ಯಾಯಾಧೀಶೆ ದಾವಲಮ್ಮನನ್ನು ಕರೆದು, ಕುಟ್ಟುವುದನ್ನು ನಿಲ್ಲಿಸಲು ಯಾರು ಹೇಳಿದರು ಎಂದು ಕೇಳಿದರು.

“ಯಾರ್ ಹೇಳ್ತಾರ್ರಿ? ಅವ ಕೇಳಾಕತ್ತಿದ್ನಲ್ರಿ!” ಎಂದಳು. “ನೀವೂ ಬರಿಯೋದ್ ಬಿಟ್ಟು ಕುಂತಿದ್ರಲ್ರಿ, ನಿಮಗ ಯಾರ್ ಹೇಳಿದ್ರು?”

ನ್ಯಾಯಾಧೀಶೆ ಕೈಯಲ್ಲಿದ್ದ ಪೆನ್ನನ್ನು ಒಮ್ಮೆ ನೋಡಿಕೊಂಡರು. ಆಮೇಲೆ ಆ ಕಾನ್‌ಸ್ಟೇಬಲ್ ಹುಡುಗನನ್ನು, ಈಗ ನಿಂತು ನೋಡಿದಾಗ ಏನು ಕಂಡಿತು ಎಂದು ಕೇಳಿದರು.

“ಅವತ್ತು ಎಲ್ರೂ ಹೆದರ್ಕೊಂಡಿದಾರೆ ಅಂದ್ಕೊಂಡೆ ಮೇಡಂ,” ಎಂದ ಅವನು. ತೆಂಕಣದ ಮಾತು. “ನಮ್ ಕಡೆ ಜನ ಹಿಂಗೆ ಸುಮ್ನಾಗೋದು ಹೆದರ್ದಾಗ್ಲೇ. ಯಾರ್ನಾದ್ರೂ ಒಂದ್ ಮಾತ್ ಕೇಳ್ಬೋದಿತ್ತು. ಕೇಳ್ಲಿಲ್ಲ.”

ಆದೇಶವನ್ನು ಅಲ್ಲೇ ಓದಿದರು. ಆ ಗುಂಡು ಫಕೀರೇಶನ ಬದುಕುವ ಹಕ್ಕನ್ನು ಕಸಿದುಕೊಂಡಿತು. ಅದಕ್ಕೆ ಸರ್ಕಾರ ಹೊಣೆ. ಬಂದೋಬಸ್ತಿನಿಂದ ಮರಳುವ ಬಂದೂಕುಗಳು ಬೀಗದ ಪೆಟ್ಟಿಗೆಯಲ್ಲಿ, ಬೇರೆ ಗಾಡಿಯಲ್ಲಿ ಹೋಗಬೇಕು. ಮನಸ್ಸು ದಿಕ್ಕು ತಪ್ಪಿದವರ ಕಡೆಗೆ ಹೆಜ್ಜೆ ಇಡುವ ಮೊದಲು ಪೊಲೀಸರು ಅಲ್ಲಿನವರನ್ನು ಕೇಳಬೇಕು: ಇವರು ಯಾರು, ಏನು ಮಾಡುತ್ತಿದ್ದಾರೆ? ಆ ಹುಡುಗನ ಮೇಲಿನ ಕ್ರಿಮಿನಲ್ ಕೇಸು ಬೇರೆ, ಅದು ನಡೆಯುತ್ತಿದೆ. ಅದರ ಬಗ್ಗೆ ನನ್ನ ಮನಸ್ಸು ಇನ್ನೂ ಏನೂ ಹೇಳುತ್ತಿಲ್ಲ.

ಒಂದು ಮಾತು ಉಳಿಯಿತು. ವಿಚಾರಣೆ ಮುಗಿದ ಮೇಲೆ ಕೆಲವರು, ಅಲ್ಲಿ ಸೋರಿಕೆ ಸಿಕ್ಕಿದ್ದರೆ ಫಕೀರೇಶ ಹೇಳಿದ್ದೇ ಸರಿ ಎಂದಾಗುತ್ತಿತ್ತು, ಎಷ್ಟು ಚೆನ್ನಾಗಿರುತ್ತಿತ್ತು ಎಂದರು. ನನಗೆ ಹಾಗೆ ಅನ್ನಿಸಲಿಲ್ಲ. ಆ ನೆಲದಲ್ಲಿ ಒಂದು ಹನಿಯೂ ಇರಲಿಲ್ಲ. ಅವನು ಅವತ್ತು ಕೇಳಿಸಿಕೊಂಡದ್ದು ಅವನ ತಲೆಯೊಳಗಿನ ನೀರು. ಬದುಕಿರಲು ಅವನ ಮಾತು ಸರಿಯಾಗಿರಬೇಕಿರಲಿಲ್ಲ.

ನಿಂತಲ್ಲಿ ವಿಚಾರಣೆ ಎಲ್ಲಿಂದ ಬಂತು ಎಂದು ವಕೀಲೆಯನ್ನು ಕೇಳಿದ್ದೆ. ಸೋತ ದಾವೆಗಳಿಂದ ಎಂದರು. ಒಂದು ಚಿತ್ರ ತೋರಿಸಿ ಮುಗಿಸಿದ ಎಷ್ಟೋ ಮೊಕದ್ದಮೆಗಳಲ್ಲಿ ಯಾವುದೋ ತಾಯಿ, ಯಾವುದೋ ಅಣ್ಣ, “ಒಂದು ಸಲ ಅಲ್ಲಿಗೆ ಬಂದು ನಿಂತು ನೋಡಿ ಸ್ವಾಮಿ” ಎಂದು ಬೇಡಿಕೊಂಡದ್ದು ಕಡತಗಳಲ್ಲಿ ಮತ್ತೆ ಮತ್ತೆ ಸಿಕ್ಕಿತಂತೆ. ಯಾರೂ ಹೋಗಿ ನಿಲ್ಲಲಿಲ್ಲ. ಆದರೆ ಬೇಡಿಕೊಂಡದ್ದನ್ನು ಯಾರೋ ಗುಮಾಸ್ತರು ಬರೆದಿಟ್ಟಿದ್ದರು.

ಆದ್ದರಿಂದ ನನ್ನದೊಂದು ಕೇಳಿಕೆ. ಕೋರ್ಟಿನಲ್ಲಿ ನಿಮ್ಮ ಸರದಿ ಬಂದಾಗ, ಇದೆಲ್ಲ ಸಣ್ಣ ವಿಷಯ ಎಂದು ನಾಚಿ ನುಂಗಬೇಡಿ. ನಿಮ್ಮ ಓಣಿ ಯಾವಾಗ ಸುಮ್ಮನಾಗುತ್ತದೆ, ನಿಮ್ಮವರು ಕೈ ಎತ್ತಿದರೆ ಏನರ್ಥ, ಅವರನ್ನು ಯಾವ ಹೆಸರಿನಿಂದ ಕರೆದರೆ ತಿರುಗಿ ನೋಡುತ್ತಿದ್ದರು, ಎಲ್ಲವನ್ನೂ ಹೇಳಿ. ನಿಮ್ಮ ದಾವೆ ಸೋಲಬಹುದು. ಆದರೂ ಹೇಳಿ, ಬರೆದುಕೊಳ್ಳಿ ಎನ್ನಿ.

ಈ ಪತ್ರ ನಿಮಗೆ ತಲುಪುವ ದಾರಿ ಇಲ್ಲ ಎಂದು ಗೊತ್ತು. ದಿನಚರಿಯಲ್ಲಿ ತೀರಿಹೋದ ತಮ್ಮನಿಗೂ ದಿನಾ ಬರೆಯುತ್ತೇನೆ, ಅಭ್ಯಾಸವಾಗಿದೆ. ಹೊರಗೆ ದಾವಲಮ್ಮ ಯಾರ ಜೊತೆಗೋ ಜಡ್ಜಮ್ಮನ ಕಥೆಯನ್ನು ಮತ್ತೆ ಹೇಳುತ್ತಿದ್ದಾಳೆ, ಪ್ರತಿ ಸಲವೂ ಒಂದು ಮಾತು ಹೆಚ್ಚಾಗುತ್ತಿದೆ. ಗಾಳಿ ತಂಪಾಗಿದೆ. ನಾನು ಆರಾಮವಾಗಿದ್ದೇನೆ. ನೀವೂ ಊಟ ಮಾಡಿ, ಮಲಗಿ.

ಆದೇಶ ನಾಳೆ ಬೆಳಗಿನಿಂದ ಜಾರಿಗೆ ಬರುತ್ತದೆ.

ಶಿವಗಂಗಾ
ಮರಳಿಹಾಳ