ಲಿಂಗದ ಕರಡಿಗೆ ಮಾರಿದ್ದು

ನೀಲಾ,

ಹಾಲು ಕಾಯಿಸಿಟ್ಟಿದ್ದೇನೆ. ಉಪ್ಪಿಟ್ಟಿಗೆ ಉಪ್ಪು ಹಾಕಿದೆನೋ ಇಲ್ಲವೋ, ವಚನಾಳ ಸ್ಕೂಲ್ ಡಬ್ಬಿಗೆ ತುಂಬುವ ಮುನ್ನ ನೋಡು.

ಅವ್ವ ಪೂಜೆಗೆ ಕೂರುವ ಮೊದಲೇ ನಿನಗೆ ಹೇಳಬೇಕು. ನನ್ನ ಲಿಂಗ ದೇವರ ಜಗಲಿಯ ಮೇಲೆ ಬಿಳಿ ಬಟ್ಟೆಯಲ್ಲಿದೆ. ಅದರ ಬೆಳ್ಳಿ ಕರಡಿಗೆಯನ್ನು ಕುಡಿಯಲು ಮಾರಿಬಿಟ್ಟೆ.

ಸರ್ಕಾರ ಅಗ್ಗದ ಕ್ವಾರ್ಟರಿಗೂ ಬೆಲೆ ಏರಿಸಿದಾಗ "ಇನ್ನಾದ್ರೂ ಬಿಡ್ತೀರಿ ಬಿಡಿ" ಎಂದು ನೀನು ಸಮಾಧಾನಪಟ್ಟೆ. ನಾನೂ ನಂಬಿದ್ದೆ. ಎರಡು ದಿನ ಬಿಟ್ಟೆ. ಕೈ ನಡುಗಿ ಅಂಗಿಯ ಗುಂಡಿ ಹಾಕಲಾಗಲಿಲ್ಲ. ಚಂದ್ರಾ ಲೇಔಟಿನ ಬೆಳ್ಳಿ ಅಂಗಡಿಗೆ ಹೋದೆ. ಲಿಂಗ ತೆಗೆಯುವುದನ್ನೂ ಮರೆತಿದ್ದೆ. "ಸ್ವಾಮಿ, ಒಳಗಡೆ ದೇವ್ರಿದೆ, ತಗೊಳ್ಳಿ" ಎಂದು ಅಂಗಡಿಯವನೇ ಕೈಗಿಟ್ಟ.

ಮಾಗಡಿ ರಸ್ತೆಯ ಕುಡಿತ ಬಿಡಿಸುವ ಆಸ್ಪತ್ರೆಯಲ್ಲಿ ಇವತ್ತು ಸೇರಿಸಿಕೊಳ್ಳುತ್ತಾರೆ. ಮನೆಯವರೊಬ್ಬರು ಸಹಿ ಹಾಕಬೇಕಂತೆ. ನಿನ್ನನ್ನು ಕರೆಯಲು ನನಗೆ ಮುಖವಿಲ್ಲ. ಹನ್ನೊಂದರವರೆಗೆ ಆಸ್ಪತ್ರೆಯ ಗೇಟಿನ ಬಳಿ ಇರುತ್ತೇನೆ.