ಓದಲಾಗದ್ದನ್ನು ‘ಇಲ್ಲ’ ಎಂದು ಬರೆದವರಿಗೆ

ಮಾನ್ಯರೇ ಎಂದು ಬರೆಯಲು ಕೈ ಬರುತ್ತಿಲ್ಲ. ನನ್ನ ಬಾಯಿಗೆ ಬರುತ್ತಿರುವ ಪದವನ್ನು ಪತ್ರಿಕೆಯವರು ಅಚ್ಚು ಹಾಕುವುದಿಲ್ಲ. ಆದ್ದರಿಂದ, ಮಾನ್ಯ ನಿರ್ದೇಶಕರೇ,

ನಿಮ್ಮ ಕ್ಯಾನ್ಸರ್ ಸಂಶೋಧನಾ ಕೇಂದ್ರ ಮೂವತ್ತೊಂದು ಹೆಂಗಸರಿಗೆ ಸುಳ್ಳು ವರದಿ ಕೊಟ್ಟಿದೆ. ಅದು ನಿಮಗೆ ಗೊತ್ತು. ಅವರಲ್ಲಿ ಮೂವತ್ತು ಜನರಿಗೆ ಇನ್ನೂ ಗೊತ್ತಿಲ್ಲ.

ಸ್ತನ ಕ್ಯಾನ್ಸರ್ ಒಂದೇ ರೋಗವಲ್ಲ, ಅದರಲ್ಲಿ ಹಲವು ಬಗೆ. ಗಡ್ಡೆಯ ಚೂರಿನಿಂದ ಜೀನುಗಳ ಮಾಹಿತಿ ಓದಿ, ಯಾವ ಬಗೆಯೆಂದು ತೋರಿಸುವ ಗುರುತನ್ನು ಹುಡುಕುವುದು ನಿಮ್ಮ ಕೇಂದ್ರದ ಹೆಗ್ಗಳಿಕೆ. ಗುರುತು ಇದ್ದರೆ ಒಂದು ಔಷಧಿ, ಇಲ್ಲದಿದ್ದರೆ ಇನ್ನೊಂದು. ಆ ಚೂರುಗಳನ್ನು ಮೇಣದಲ್ಲಿ ಕೂರಿಸಿ ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಕತ್ತರಿಸುವ ತಂತ್ರಜ್ಞೆ ನಾನು, ಇಪ್ಪತ್ತೆರಡು ವರ್ಷದಿಂದ.

ಚೂರು, ಕೆಡದಂತೆ ಕಾಯುವ ಫಾರ್ಮಲಿನ್‌ನಲ್ಲಿ ಒಂದು ದಿನ ಇದ್ದರೆ ಸಾಕು. ಐದು ದಿನ ಬಿಟ್ಟರೆ ಒಳಗಿನ ಡಿಎನ್‌ಎ ಪುಡಿಪುಡಿ. ಇದು ಮೊನ್ನೆ ಸೇರಿದ ತರಬೇತಿಯವರಿಗೂ ಗೊತ್ತು. ಆದರೂ ನಿಮ್ಮ ಪ್ರಶಸ್ತಿ ಸಮಾರಂಭದಲ್ಲಿ ಚಪ್ಪಾಳೆ ತಟ್ಟಲು ಜನ ಸಾಲದೆಂದು ನಮ್ಮನ್ನೆಲ್ಲ ಪರ ಊರಿಗೆ ಹೊರಡಿಸಿ ಪ್ರಯೋಗಾಲಯಕ್ಕೆ ಐದು ದಿನ ಬೀಗ ಹಾಕಿಸಿದಿರಿ. “ಸರ್, ಡಬ್ಬಿಗಳಲ್ಲಿ ಚೂರುಗಳಿವೆ” ಎಂದೆ. “ಅವೆಲ್ಲೂ ಓಡಿಹೋಗಲ್ಲ ಬಿಡಮ್ಮ” ಎಂದಿರಿ.

ಜೀನು ಓದುವ ಯಂತ್ರಕ್ಕೆ ಆ ಮೂವತ್ತೊಂದು ಚೂರುಗಳನ್ನು ಓದಲಾಗಲಿಲ್ಲ. ಕೋಷ್ಟಕದ ಮನೆಗಳನ್ನು ಖಾಲಿ ಬಿಟ್ಟಿತು. ಅದಕ್ಕಾದರೂ ಅಷ್ಟು ಮರ್ಯಾದೆ ಇತ್ತು. ನಿಮ್ಮ ಅಂಕಿಅಂಶದ ತಜ್ಞರು ಖಾಲಿ ಮನೆಗಳಿಗೆಲ್ಲ ಸೊನ್ನೆ ತುಂಬಿದರು. ಕೇಳಿದರೆ, “ಖಾಲಿ ಬಿಟ್ರೆ ಸಾಫ್ಟ್‌ವೇರ್ ಮುಂದಕ್ಕೆ ಹೋಗಲ್ಲ ಮೇಡಂ, ಎಲ್ರೂ ಮಾಡೋದೇ ಹೀಗೆ!” ಸೊನ್ನೆ ಎಂದರೆ ವರದಿಯಲ್ಲಿ ‘ಗುರುತು ಇಲ್ಲ’. ಕಣ್ಣು ಮುಚ್ಚಿಕೊಂಡು “ಮುಂದೆ ಯಾರೂ ಇಲ್ಲ” ಎನ್ನುವವನ ಕೈಗೆ ನಿಮ್ಮ ಕಾರಿನ ಸ್ಟೀರಿಂಗ್ ಕೊಡುತ್ತೀರಾ?

ಆ ಮೂವತ್ತೊಂದರಲ್ಲಿ ಒಂದು ನನ್ನ ಒಡಹುಟ್ಟಿದ ಅಕ್ಕನದು. ಕೊಟ್ಟ ಔಷಧಿಗೆ ಅವಳ ಗಡ್ಡೆ ಜಪ್ಪಯ್ಯ ಎಂದರೂ ಕರಗಲಿಲ್ಲ. ಅನುಮಾನ ಬಂದು ಯಂತ್ರದ ಮೂಲ ಕೋಷ್ಟಕ ತೆಗೆದು ನೋಡಿ, ನೇರ ನಿಮ್ಮ ಕೋಣೆಗೆ ಬಂದೆ. ಬಾಗಿಲು ಹಾಕಿಸಿದಿರಿ. ಟೀ ತರಿಸಿದಿರಿ. “ನಿಮ್ಮ ಅಕ್ಕಂದು ಮಾತ್ರ ಸದ್ದಿಲ್ದೆ ಮತ್ತೆ ಮಾಡಿಸಿಬಿಡೋಣ. ಉಳಿದಿದ್ದು ಕೆದಕೋಕೆ ಹೋಗ್ಬೇಡಿ, ಈ ಫಲಿತಾಂಶದ ಮೇಲೆ ಬರೆದ ಪ್ರಬಂಧ ಆಗ್ಲೇ ಅಚ್ಚಿಗೆ ಹೋಗಿದೆ.”

ಥೂ! ಪ್ರಾಣಕ್ಕಿಂತ ಪ್ರಬಂಧ ಹೆಚ್ಚಾಯಿತೇ? ಆದರೆ ಈ ಉಗುಳು ನಿಮಗೊಬ್ಬರಿಗೇ ಅಲ್ಲ. ನಾನು ಆ ಟೀ ಕುಡಿದೆ, ಒಪ್ಪಿಕೊಂಡೆ. ಹೊಸದಾಗಿ ಸೂಜಿ ಹಾಕಿ ತೆಗೆದ ಚೂರನ್ನು ನಾನೇ ಕತ್ತರಿಸಿದೆ. ಗುರುತು ಇತ್ತು! ಅಕ್ಕನ ಔಷಧಿ ಬದಲಾಯಿತು, ಗಡ್ಡೆ ಮೆತ್ತಗಾಗತೊಡಗಿದೆ.

ಮೊನ್ನೆ ಆಸ್ಪತ್ರೆಯಿಂದ ಬಂದವಳು ಚಪ್ಪಲಿ ಬಿಡುತ್ತಲೇ ಕೇಳಿದಳು: “ಪಕ್ಕದ ಕುರ್ಚಿಲಿ ಡ್ರಿಪ್ ಹಾಕಿಸ್ಕೊಳ್ಳೋ ಟೈಲರಮ್ಮ ಇದಾಳಲ್ಲ, ನಿನ್ ಬಾಟ್ಲಿ ಮಾತ್ರ ಯಾಕೆ ಬೇರೆ ಅಂದ್ಲು ಕಣೇ. ಅವಳ ಪರೀಕ್ಷೆನೂ ಅದೇ ವಾರ ನಿಮ್ಮಲ್ಲೇ ಆಗಿದ್ದಂತೆ. ಏನ್ ಹೇಳ್ಲಿ?”

ಎಲ್ಲ ಹೇಳಿ, “ಅವಳಿಗೆ ಮಾತ್ರ ಏನೂ ಹೇಳ್ಬೇಡ” ಎಂದೆ.

“ಅವಳಿಗೆ ಇಬ್ರು ಚಿಕ್ಕ ಮಕ್ಕಳು. ನೀನು ಯಾವಾಗಿಂದ ಇಂಥವಳಾದೆ?” ಎಂದಳು. ಆಮೇಲೆ ನನ್ನ ಜೊತೆ ಮಾತಾಡಿಲ್ಲ.

ನಿರ್ದೇಶಕರೇ, ಸೋಮವಾರ ಆ ಟೈಲರಮ್ಮನಿಗೆ ಮುಂದಿನ ಡ್ರಿಪ್. ಅಷ್ಟರೊಳಗೆ ಮೂವತ್ತು ಮನೆಗೂ ಫೋನ್ ಮಾಡಿಸಿ. ‘ನಿಮ್ಮ ಚೂರನ್ನು ನಾವು ಹಾಳು ಮಾಡಿದೆವು, ಬನ್ನಿ, ಮತ್ತೆ ಪರೀಕ್ಷಿಸುತ್ತೇವೆ’ ಎಂದು ಹೇಳಿಸಿ. ಪ್ರಬಂಧವನ್ನು ಹಿಂದಕ್ಕೆ ಪಡೆಯಿರಿ. ನನ್ನನ್ನು ಕೆಲಸದಿಂದ ತೆಗೆಯುವುದನ್ನು ಮಂಗಳವಾರಕ್ಕೆ ಇಟ್ಟುಕೊಳ್ಳಿ. ಅಷ್ಟರಲ್ಲಿ ಮೂವತ್ತು ಚೂರು ಕತ್ತರಿಸುವುದಿದೆ.

ಇಂತಿ,
ಒಬ್ಬಳನ್ನು ಉಳಿಸಿಕೊಂಡು, ಮೂವತ್ತು ಜನರ ವಿಷಯದಲ್ಲಿ ಇಪ್ಪತ್ತಾರು ದಿನ ಬಾಯಿ ಮುಚ್ಚಿಕೊಂಡಿದ್ದವಳು