ಪೆರಂಬೂರಿನ ಹೂವಿನ ಗಿಡ

ವೇಲಚೇರಿ, ಆಗಸ್ಟ್ ೨೦೦೬

ಭೋಜಣ್ಣಾ,

ಇವತ್ತು ಸರೋಜಾ ಮಾಮಿ ಬಂದಿದ್ದರು. ಪೆರಂಬೂರಿನ ರೈಲ್ವೆ ಕ್ವಾರ್ಟರ್ಸಿನಲ್ಲಿ ನಮ್ಮ ಪಕ್ಕದ ಮನೆಯವರು. ಊಟವಾದ ಮೇಲೆ ಅವರನ್ನು ಕಂಪ್ಯೂಟರ್ ಮುಂದೆ ಕೂರಿಸಿ, ನಮ್ಮ ಮನೆಯ ನೆನಪುಗಳನ್ನು ಬರೆದಿಡುವ ನನ್ನ ವೆಬ್‌ಸೈಟ್ ತೋರಿಸಿದೆ. ನೀನು ತೀರಿಹೋದ ಮೇಲೂ ಅದನ್ನು ಬಿಟ್ಟಿಲ್ಲ. ನೆನಪಾದದ್ದನ್ನು ಸಾಲುಸಾಲಾಗಿ ನೆಡುತ್ತೇನೆ, ಬೇಡವೆನಿಸಿದ್ದನ್ನು ಕೀಳುತ್ತೇನೆ. ಯಾವ ಪುಟವೂ ಮುಗಿದಿಲ್ಲ.

ಅಮ್ಮನ ಪುಟವನ್ನು ಓದಿ ಹೇಳಿದೆ. ಮನೆ ಮುಂದೆ ಅಮ್ಮ ಮಲ್ಲಿಗೆ ಬೆಳೆಸಿದ್ದಳು ಎಂದು ನಾನು ಬರೆದದ್ದು, ಅಲ್ಲ, ಕನಕಾಂಬರ ಎಂದು ನೀನು ದುಬೈಯಿಂದ ಮತ್ತೆ ಮತ್ತೆ ಮೇಲ್ ಹಾಕಿದ್ದು, ನಾನು ಒಪ್ಪದೆ ನಿನ್ನ ಮಾತನ್ನೂ ಕೆಳಗೆ ಸೇರಿಸಿದ್ದು, ಎಲ್ಲ. ಅಷ್ಟು ವರ್ಷ ನಾವಿಬ್ಬರೂ ಆಡಿದ ಮಾತೆಂದರೆ ಅದೇ ತಾನೆ.

ಮಾಮಿ ಜೋರಾಗಿ ನಕ್ಕರು. ಅಮ್ಮ ಕಲಿಸಿಕೊಟ್ಟ ಕನ್ನಡದಲ್ಲೇ ಹೇಳಿದರು: "ಅಯ್ಯೋ, ಎರಡೂ ನಮ್ಮ ಗಿಡ ಅಮ್ಮಾ! ನಡುವೆ ಬೇಲಿ ಎಲ್ಲಿತ್ತು? ನಿಮ್ಮಮ್ಮ ದಿನಾ ಬಂದು ಹೂವು ಕಿತ್ಕೊಂಡು ಹೋಗೋರು. ಮಕ್ಕಳಿಗೆ ನಮ್ಮದೇ ಅಂತ ಹೇಳಿದೀನಿ, ಗುಟ್ಟು ಬಿಟ್ಟುಕೊಡಬೇಡಿ ಅನ್ನೋರು."

ಅವರೆದುರಿಗೇ ಅದನ್ನೂ ಪುಟಕ್ಕೆ ಸೇರಿಸಿದೆ. ನಿನ್ನ ಸಾಲನ್ನಾಗಲಿ ನನ್ನದನ್ನಾಗಲಿ ಅಳಿಸಲಿಲ್ಲ.

ನಿನ್ನ ಸುದ್ದಿ ಅವರಿಗೆ ತಲುಪಿಲ್ಲ ಎಂದು ನನಗೆ ಗೊತ್ತಾದದ್ದು ಅವರು ಬಾಗಿಲಲ್ಲಿ ಚಪ್ಪಲಿ ಮೆಟ್ಟುವಾಗ.

"ಭೋಜನಿಗೂ ಹೇಳು, ನಗ್ತಾನೆ," ಎಂದರು.

"ಹೇಳ್ತೀನಿ ಮಾಮಿ," ಎಂದೆ.